ಗಾಳಿಯೇ ಕಂಬ, ಬಟ್ಟೆಯೇ ಗೋಡೆ

ರಾಡಾರ್ ಮತ್ತು ಆಂಟೆನಾಗಳನ್ನು ಬಿರುಗಾಳಿ, ಹಿಮಗಳಿಂದ ಕಾಯಲು ಹುಟ್ಟಿದ ಬಟ್ಟೆಯ ಗುಮ್ಮಟಗಳು ಯುದ್ಧಭೀತಿಯ ಕೂಸುಗಳು. ಒಳಗಿನ ಗಾಳಿಯೊಂದನ್ನೇ ನಂಬಿ ನಿಂತ ಈ ಕಟ್ಟಡಗಳ ಇತಿಹಾಸ ಸ್ವಾರಸ್ಯಕರವಾದದ್ದು.

1962ರ ಜುಲೈ 11. ಆಗಷ್ಟೇ ನಡುರಾತ್ರಿ ಕಳೆದಿತ್ತು. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಕಡಲ ತೀರಕ್ಕೆ ಸಮೀಪದಲ್ಲಿರುವ ಪ್ಲೂಮರ್ ಬೊಡೂ ಎಂಬ ಹಳ್ಳಿಯ ಹೊರವಲಯದಲ್ಲಿ ಒಂದಷ್ಟು ಎಂಜಿನಿಯರುಗಳು ಟೆಲಿವಿಷನ್ ಪರದೆಯನ್ನೇ ದಿಟ್ಟಿಸುತ್ತ ಕುಳಿತಿದ್ದರು. ಹಿಂದಿನ ದಿನವಷ್ಟೇ ಅಮೆರಿಕ ಹಾರಿಸಿದ್ದ ‘ಟೆಲ್‌ಸ್ಟಾರ್’ ಉಪಗ್ರಹ ದಿಗಂತದ ಮೇಲೇರಿ ಬರುವುದಿತ್ತು. ಗಡಿಯಾರ 12 ಗಂಟೆ 47 ನಿಮಿಷ ತೋರಿಸುತ್ತಿದ್ದಂತೆ ಪರದೆಯ ಮೇಲೆ ಚಿತ್ರ ಮೂಡಿತು. ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ, ಅಮೆರಿಕದ ಮೇನ್ ರಾಜ್ಯದ ಆಂಡೋವರ್ ಎಂಬ ಊರಿನ ಭೂಕೇಂದ್ರದ ಮುಂದೆ ಹಾರಾಡುತ್ತಿದ್ದ ಧ್ವಜದ ಚಿತ್ರವದು. ಉಪಗ್ರಹದ ಮೂಲಕ ಒಂದು ಖಂಡದ ಟೆಲಿವಿಷನ್ ಚಿತ್ರವನ್ನು ಇನ್ನೊಂದು ಖಂಡ ಕಂಡದ್ದು ಅದೇ ಮೊದಲು.

ಟೆಲ್‌ಸ್ಟಾರ್ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಉಳಿದಿದೆ. ಆದರೆ ಆ ರಾತ್ರಿ ಸಾಗರದ ಎರಡೂ ದಡಗಳಲ್ಲಿ ಆಂಟೆನಾಗಳಿಗೆ ಸೂರು ಒದಗಿಸಿದ್ದ ವಸ್ತುವನ್ನು ನೆನೆಯುವವರು ಕಡಿಮೆ. ನೂರಾರು ಟನ್ ತೂಕದ ಆ ಯಂತ್ರಗಳಿದ್ದದ್ದು ಕಾಂಕ್ರೀಟಿನ ಕಟ್ಟಡದೊಳಗಲ್ಲ, ಉಕ್ಕಿನ ಶೆಡ್ಡಿನೊಳಗೂ ಅಲ್ಲ. 64 ಮೀಟರ್ ಅಡ್ಡಳತೆಯ, 50 ಮೀಟರ್ ಎತ್ತರದ ಒಂದು ಬಟ್ಟೆಯ ಬಲೂನಿನೊಳಗೆ! ಅದಕ್ಕೆ ಕಂಬವಿರಲಿಲ್ಲ, ತೊಲೆಯಿರಲಿಲ್ಲ. ಒಳಗೆ ತುಂಬಿದ್ದ ಗಾಳಿಯೇ ಅದರ ಆಧಾರವಾಗಿತ್ತು.

ಇಂಥ ಹೊದಿಕೆಗೆ ಇಂಗ್ಲಿಷಿನಲ್ಲಿ ‘ರೇಡೋಮ್’ ಎಂಬ ಹೆಸರಿದೆ. ‘ರಾಡಾರ್’ ಮತ್ತು ಗುಮ್ಮಟ ಎಂಬರ್ಥದ ‘ಡೋಮ್’ ಸೇರಿ ಆದ ಪದವದು. ಎಲ್ಲ ರೇಡೋಮ್‌ಗಳೂ ಬಟ್ಟೆಯವಲ್ಲ. ವಿಮಾನದ ಚೂಪು ಮೂತಿಯೂ ಒಂದು ರೇಡೋಮ್ ಆಗಿರುತ್ತದೆ. ಚಂಡಮಾರುತದ ದಿನಗಳಲ್ಲಿ ಪತ್ರಿಕೆಗಳಲ್ಲಿ ಕಾಣಸಿಗುವ ಹವಾಮಾನ ರಾಡಾರಿನ ಬಿಳಿಯ ಚೆಂಡೂ ರೇಡೋಮೇ. ಆದರೆ ಗಾಳಿ ತುಂಬಿ ನಿಲ್ಲಿಸಿದ ಬಟ್ಟೆಯ ಗುಮ್ಮಟದ ಕಥೆಯೇ ಬೇರೆ.

ಉಕ್ಕಿನ ಸೂರು ಏಕಾಗದು?

ಆಂಟೆನಾ ಎಂದರೆ ಒಂದು ಬಗೆಯ ಕಿವಿ. ದೂರದ ವಿಮಾನಕ್ಕೆ ಬಡಿದು ಮರಳಿದ ಅಥವಾ ಉಪಗ್ರಹದಿಂದ ಇಳಿದುಬಂದ ಕ್ಷೀಣ ರೇಡಿಯೊ ತರಂಗಗಳನ್ನು ಅದು ಆಲಿಸಬೇಕು. ಅದಕ್ಕಾಗಿ ಅದು ಬೆಟ್ಟದ ನೆತ್ತಿಯಲ್ಲೋ ಕಡಲ ದಂಡೆಯಲ್ಲೋ ಹಿಮದ ಬಯಲಲ್ಲೋ ಎದೆ ತೆರೆದು ನಿಲ್ಲಬೇಕಾಗುತ್ತದೆ. ಗಾಳಿಯ ಹೊಡೆತ ಅತಿ ಹೆಚ್ಚಾಗಿರುವುದೂ ಇಂಥ ಜಾಗಗಳಲ್ಲೇ. ಅಗಲವಾದ ಆಂಟೆನಾ ತಟ್ಟೆ ಬಿರುಗಾಳಿಯಲ್ಲಿ ಹಡಗಿನ ಹಾಯಿಯಂತಾಗುತ್ತದೆ. ಅದನ್ನು ತಿರುಗಿಸುವ ಮೋಟಾರು ತಿಣುಕುತ್ತದೆ, ಗುರಿ ತಪ್ಪುತ್ತದೆ. ಮೇಲೆ ಹಿಮ ಗಟ್ಟಿಯಾದರೆ ಯಂತ್ರವೇ ನಿಂತುಹೋಗುತ್ತದೆ.

ಹಾಗಾದರೆ ಮನೆ ಕಟ್ಟಿ ಒಳಗಿಡಬಹುದಲ್ಲ? ತೊಡಕಿರುವುದು ಇಲ್ಲಿಯೇ. ರೇಡಿಯೊ ತರಂಗಗಳಿಗೆ ಉಕ್ಕಿನ ತಗಡು ಕನ್ನಡಿಯಿದ್ದಂತೆ. ಬಡಿದ ತರಂಗ ಹಿಂದಕ್ಕೆ ಚಿಮ್ಮುತ್ತದೆ. ದಪ್ಪ ಗೋಡೆ ತರಂಗವನ್ನು ಹೀರಿಕೊಳ್ಳುತ್ತದೆ. ತೊಲೆ, ಜಂತಿಗಳು ಅದನ್ನು ಚದುರಿಸುತ್ತವೆ. ಮಳೆಯನ್ನು ತಡೆಯುವಷ್ಟು ಗಟ್ಟಿಯೂ ತರಂಗದ ಪಾಲಿಗೆ ‘ಇಲ್ಲ’ ಎನ್ನುವಷ್ಟು ತೆಳುವೂ ಆದ ಗೋಡೆ ಬೇಕು. ಈ ಎರಡು ಬೇಡಿಕೆಗಳು ಒಂದಕ್ಕೊಂದು ವಿರುದ್ಧ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಸಮಸ್ಯೆ ಮೊದಲು ಎದುರಾದದ್ದು ವಿಮಾನಗಳಲ್ಲಿ. 1941ರಲ್ಲಿ ಅಮೆರಿಕದ ಬಿ-18 ವಿಮಾನದ ಮೂತಿಗೆ ಪ್ಲೆಕ್ಸಿಗ್ಲಾಸ್ ಎಂಬ ಪ್ಲಾಸ್ಟಿಕ್ಕಿನ ಅರೆಗೋಳ ತೊಡಿಸಿ ಅದರೊಳಗೆ ರಾಡಾರ್ ಇಡಲಾಯಿತು. ಪ್ಲೈವುಡ್ಡಿನ ಹೊದಿಕೆಗಳೂ ಬಂದವು. ಆಂಟೆನಾ ಚಿಕ್ಕದಾಗಿದ್ದಾಗ ಇಷ್ಟು ಸಾಕಾಗುತ್ತಿತ್ತು. ಆದರೆ ನೆಲದ ಮೇಲಿನ ದೊಡ್ಡ ರಾಡಾರುಗಳಿಗೆ ಹತ್ತಾರು ಮೀಟರ್ ಅಗಲದ ಹೊದಿಕೆ ಬೇಕಿತ್ತು. ಅಷ್ಟು ದೊಡ್ಡ ಗುಮ್ಮಟವನ್ನು ಲೋಹವಿಲ್ಲದೆ, ಕಂಬವಿಲ್ಲದೆ ನಿಲ್ಲಿಸುವುದು ಹೇಗೆ?

ಕಾಗದದಲ್ಲೇ ಉಳಿದ ಆಸ್ಪತ್ರೆ

ಉತ್ತರ ಮೂವತ್ತು ವರ್ಷಗಳ ಹಿಂದೆಯೇ ಒಂದು ಪೇಟೆಂಟಿನಲ್ಲಿ ಅಡಗಿತ್ತು. ಫ್ರೆಡರಿಕ್ ಲ್ಯಾಂಚೆಸ್ಟರ್ ಇಂಗ್ಲೆಂಡಿನ ಹೆಸರಾಂತ ಎಂಜಿನಿಯರ್. ಆ ದೇಶದ ಮೋಟಾರು ಕಾರುಗಳ ಆದ್ಯರಲ್ಲಿ ಒಬ್ಬ, ವಿಮಾನಶಾಸ್ತ್ರದಲ್ಲೂ ಪಳಗಿದವ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಆತ ಒಂದು ವಿಚಿತ್ರ ಡೇರೆಗೆ ಪೇಟೆಂಟ್ ಕೋರಿದ. ರಣಭೂಮಿಯ ಆಸ್ಪತ್ರೆಗಳಿಗೆಂದು ಯೋಚಿಸಿದ ಡೇರೆ ಅದು. ಸರ್ಕಸ್ ಡೇರೆಗಿರುವಂತೆ ನಡುಗಂಬ ಅದಕ್ಕಿಲ್ಲ. ಬಟ್ಟೆಯ ಅಂಚನ್ನು ನೆಲಕ್ಕೆ ಬಿಗಿದು, ಒಳಗೆ ಗಾಳಿ ಊದುತ್ತಲೇ ಇರಬೇಕು. ಡೇರೆ ತಾನಾಗಿ ಉಬ್ಬಿ ನಿಲ್ಲುತ್ತದೆ. ಒಳಗೆ ಹೋಗಿಬರಲು ಒಂದರ ಹಿಂದೊಂದು ಎರಡು ಬಾಗಿಲು. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು.

ತತ್ವ ಸರಿಯಾಗಿಯೇ ಇತ್ತು, ಕಾಲವಿನ್ನೂ ಕೂಡಿಬಂದಿರಲಿಲ್ಲ. ಲ್ಯಾಂಚೆಸ್ಟರನಿಗೆ ದೊರೆಯುತ್ತಿದ್ದದ್ದು ಹತ್ತಿಯ ಕ್ಯಾನ್ವಾಸ್. ಅದು ನೆನೆದರೆ ಭಾರ, ಒಣಗಿದರೆ ಗಾಳಿ ಸೋರುವ ಜರಡಿ. ಗಾಳಿ ಹಿಡಿದಿಡುವ, ಬಿಸಿಲು ಮಳೆಗೆ ಜಗ್ಗದ ಬಟ್ಟೆ ಬರಬೇಕಾದರೆ ರಸಾಯನ ಉದ್ಯಮ ಬೆಳೆಯಬೇಕಿತ್ತು. ಅಮೆರಿಕದ ಡುಪಾಂಟ್ ಕಂಪನಿ ನಿಯೋಪ್ರೀನ್ ಎಂಬ ಕೃತಕ ರಬ್ಬರನ್ನು ಪ್ರಕಟಿಸಿದ್ದು 1931ರಲ್ಲಿ, ನೈಲಾನನ್ನು 1938ರಲ್ಲಿ. ಲ್ಯಾಂಚೆಸ್ಟರ್ ತನ್ನ ಗಾಳಿ ಡೇರೆ ಎದ್ದುನಿಂತದ್ದನ್ನು ಕಾಣದೆಯೇ 1946ರಲ್ಲಿ ತೀರಿಕೊಂಡ. ಯುದ್ಧದಲ್ಲಿ ಗಾಯಗೊಂಡವರಿಗೆಂದು ಹುಟ್ಟಿದ ಕಲ್ಪನೆ ಮುಂದೆ ನಿಜವಾದದ್ದು ಇನ್ನೊಂದು ಯುದ್ಧದ ಭಯದಿಂದ.

ಬಲೂನಿನ ನೆತ್ತಿಯ ಮೇಲೆ ನಿಂತವನು

ಮಹಾಯುದ್ಧ ಮುಗಿದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಶೀತಲ ಸಮರ ಮೊದಲಾಗಿತ್ತು. ಶತ್ರುವಿನ ಬಾಂಬರ್ ವಿಮಾನಗಳು ಉತ್ತರ ಧ್ರುವದ ಮೇಲಿಂದ ಹಾರಿಬಂದಾವು ಎಂಬುದು ಅಮೆರಿಕದ ಅಂಜಿಕೆ. ಉತ್ತರದ ಹಿಮಪ್ರದೇಶದಲ್ಲಿ ಸಾಲುಸಾಲಾಗಿ ರಾಡಾರ್ ಇಡದೆ ವಿಧಿಯಿಲ್ಲ. ಆದರೆ ಆ ಚಳಿಗಾಳಿಗೆ ರಾಡಾರ್ ತಾಳಿಕೊಳ್ಳಬೇಕಲ್ಲ?

ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿದ್ದ ಕಾರ್ನೆಲ್ ವೈಮಾನಿಕ ಪ್ರಯೋಗಾಲಯ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಅಲ್ಲಿನ ಎಂಜಿನಿಯರ್ ವಾಲ್ಟರ್ ಬರ್ಡ್ ಮತ್ತು ಸಂಗಡಿಗರು 1948ರಲ್ಲಿ ಸುಮಾರು 15 ಮೀಟರ್ ಅಡ್ಡಳತೆಯ ಗಾಳಿಗುಮ್ಮಟವೊಂದನ್ನು ಎಬ್ಬಿಸಿ ನಿಲ್ಲಿಸಿದರು. ಕೃತಕ ರಬ್ಬರ್ ಲೇಪಿಸಿದ ಬಟ್ಟೆ, ಬುಡಕ್ಕೆ ಬಿಗಿ ಪಟ್ಟಿ, ಗಾಳಿ ಊದಲು ಬ್ಲೋವರ್. ಇಷ್ಟೇ ಅದರ ಸಾಮಗ್ರಿ. ಬಫಲೋ ನಗರ ಭಾರೀ ಹಿಮಪಾತಕ್ಕೆ ಹೆಸರಾದದ್ದು. ಹಾಗಾಗಿ ಪರೀಕ್ಷೆಗೆ ಬೇರೆಲ್ಲೂ ಹೋಗಬೇಕಾಗಿರಲಿಲ್ಲ.

ಆ ಕಾಲದ ಒಂದು ಛಾಯಾಚಿತ್ರ ಬಹು ಪ್ರಸಿದ್ಧ. ಉಬ್ಬಿದ ಗುಮ್ಮಟದ ನೆತ್ತಿಯ ಮೇಲೆ ಬರ್ಡ್ ನೆಟ್ಟಗೆ ನಿಂತಿದ್ದಾನೆ. ಅವನ ಕಾಲ ಕೆಳಗಿರುವುದು ಬಟ್ಟೆ, ಬಟ್ಟೆಯ ಕೆಳಗಿರುವುದು ಬರಿಯ ಗಾಳಿ. ಗಾಳಿಯ ಮೇಲೆ ಮನುಷ್ಯ ನಿಲ್ಲಬಹುದು ಎಂಬುದನ್ನು ತೋರಿಸಲು ಅದಕ್ಕಿಂತ ಉತ್ತಮ ಸಾಕ್ಷಿ ಬೇಕಿರಲಿಲ್ಲ.

ಲೋಟದ ನೀರಿನಷ್ಟು ಒತ್ತಡ

ಇಷ್ಟು ದೊಡ್ಡ ಗುಮ್ಮಟವನ್ನು ಎತ್ತಿಹಿಡಿಯಲು ಒಳಗೆ ಭಾರೀ ಒತ್ತಡ ಇರಬೇಕೆಂದು ಯಾರಾದರೂ ಭಾವಿಸಬಹುದು. ವಾಸ್ತವ ಸಂಗತಿ ಇದಕ್ಕೆ ತದ್ವಿರುದ್ಧ. ಲೋಟದಲ್ಲಿ ಒಂದಂಗುಲ ನೀರು ಹಾಕಿದರೆ ಅದರ ತಳದ ಮೇಲೆ ಎಷ್ಟು ಒತ್ತಡ ಬೀಳುತ್ತದೋ, ಹೊರಗಿನ ಗಾಳಿಗಿಂತ ಅಷ್ಟೇ ಹೆಚ್ಚಿನ ಒತ್ತಡ ಒಳಗಿದ್ದರೂ ಬಟ್ಟೆ ಬಿಗಿದು ನಿಲ್ಲುತ್ತದೆ. ವಾತಾವರಣದ ಒತ್ತಡದ ನಾನೂರರಲ್ಲಿ ಒಂದು ಪಾಲು ಅದು. ಸೈಕಲ್ ಟ್ಯೂಬಿನೊಳಗಿನ ಒತ್ತಡ ಇದರ ನೂರಾರು ಪಟ್ಟು. ಗುಮ್ಮಟದೊಳಗೆ ಕೆಲಸ ಮಾಡುವವರಿಗೆ ಬಾಗಿಲು ದಾಟುವ ಹೊತ್ತಿನಲ್ಲಿ ಕಿವಿಗೆ ಕೊಂಚ ಅನುಭವವಾದರೆ ಆದೀತು, ಅಷ್ಟೇ.

ಒತ್ತಡ ಚಿಕ್ಕದಾದರೂ ಅದು ಒತ್ತುವ ಜಾಗ ದೊಡ್ಡದು. 15 ಮೀಟರ್ ಅಗಲದ ಗುಮ್ಮಟವನ್ನು ಅಂಗುಲದಷ್ಟು ನೀರಿನ ಒತ್ತಡ ಸುಮಾರು ನಾಲ್ಕೂವರೆ ಟನ್ನಿನ ಬಲದಿಂದ ಮೇಲಕ್ಕೆತ್ತುತ್ತದೆ. ಆದ್ದರಿಂದ ಸಾಮಾನ್ಯ ಕಟ್ಟಡಕ್ಕೂ ಇದಕ್ಕೂ ಮೂಲದಲ್ಲೇ ಒಂದು ವ್ಯತ್ಯಾಸ. ಮನೆಯ ಬುನಾದಿ ಮನೆ ಕುಸಿಯದಂತೆ ಹೊರುತ್ತದೆ. ಗಾಳಿಗುಮ್ಮಟದ ಬುನಾದಿ ಅದು ಹಾರಿಹೋಗದಂತೆ ಹಿಡಿದುಕೊಳ್ಳುತ್ತದೆ.

ಗುಮ್ಮಟ ದೊಡ್ಡದಾದಷ್ಟೂ ಬಟ್ಟೆಯ ಮೇಲಿನ ಎಳೆತ ಏರುತ್ತದೆ. ಒಳಗಿನ ಒತ್ತಡ ಅಷ್ಟೇ ಇದ್ದರೂ 15 ಮೀಟರ್ ಅಡ್ಡಳತೆಯ ಗುಮ್ಮಟದಲ್ಲಿ ಒಂದು ಮೀಟರ್ ಅಗಲದ ಬಟ್ಟೆ ಸುಮಾರು 95 ಕೆ.ಜಿ. ತೂಕ ಜಗ್ಗಿದಷ್ಟು ಎಳೆತಕ್ಕೆ ಒಳಗಾದರೆ, 64 ಮೀಟರಿನದರಲ್ಲಿ ಅದು 400 ಕೆ.ಜಿ.ಯಷ್ಟಾಗುತ್ತದೆ. ದೊಡ್ಡ ಗುಮ್ಮಟಕ್ಕೆ ದಪ್ಪ ಬಟ್ಟೆ ಬೇಕಾಗುವುದು ಇದೇ ಕಾರಣಕ್ಕೆ. ಆದರೂ ‘ದಪ್ಪ’ ಎಂದರೆ ಇಲ್ಲಿ ಕೆಲವೇ ಮಿಲಿಮೀಟರಿನ ಮಾತು. ರಾಡಾರಿನ ತರಂಗದ ಉದ್ದ ಹಲವು ಸೆಂಟಿಮೀಟರ್ ಇರುವುದರಿಂದ ಅಷ್ಟು ತೆಳು ಪರದೆಯನ್ನು ಅದು ಗಮನಿಸದೆಯೇ ದಾಟಿಹೋಗುತ್ತದೆ. ಚದುರಿಸಲು ತೊಲೆಯಿಲ್ಲ, ಮರಳಿಸಲು ಲೋಹವಿಲ್ಲ. ಅಸಾಧ್ಯವೆನಿಸಿದ್ದ ಎರಡು ಬೇಡಿಕೆಗಳೂ ಒಂದೇ ಬಟ್ಟೆಯಲ್ಲಿ ಕೂಡಿಬಂದಿದ್ದವು.

ನಿಜವಾದ ಪರೀಕ್ಷೆ ಬಿರುಗಾಳಿಯದು. ಗಂಟೆಗೆ 80 ಕಿ.ಮೀ. ವೇಗದ ಗಾಳಿ ಎದುರಿನ ಗೋಡೆಯನ್ನು ಸುಮಾರು 30 ಮಿಲಿಮೀಟರ್ ನೀರಿನ ಒತ್ತಡದಿಂದ ತಳ್ಳುತ್ತದೆ. ವೇಗ ಇಮ್ಮಡಿಯಾಗಿ 160 ಕಿ.ಮೀ. ಆದರೆ ಒತ್ತಡ ಇಮ್ಮಡಿಯಲ್ಲ, ನಾಲ್ಮಡಿ. ಒಳಗಿನ ಒತ್ತಡ ಸಾಲದೆ ಹೋದರೆ ಗಾಳಿಯ ಕಡೆಯ ಬಟ್ಟೆ ಒಳಕ್ಕೆ ಗುಳಿಬೀಳುತ್ತದೆ. ಹಾಗೆ ಗುಳಿಬಿದ್ದ ಬಟ್ಟೆ ತಿರುಗುತ್ತಿರುವ ಆಂಟೆನಾಕ್ಕೆ ಸಿಕ್ಕಿತೋ, ಕಥೆ ಮುಗಿದಂತೆ. ಅದಕ್ಕೇ ಗಾಳಿಯ ವೇಗ ಅಳೆಯುವ ಉಪಕರಣದ ಮೇಲೆ ಕಣ್ಣಿಟ್ಟು, ಬಿರುಗಾಳಿ ಏಳುತ್ತಿದ್ದಂತೆ ಒಳಗಿನ ಒತ್ತಡವನ್ನು ಏರಿಸಬೇಕು. ಒಂದು ಬ್ಲೋವರ್ ಕೆಟ್ಟರೆ ಇನ್ನೊಂದು, ವಿದ್ಯುತ್ ಹೋದರೆ ಜನರೇಟರ್ ಸಿದ್ಧವಿರಬೇಕು. ಕುಲುಮೆಯ ತಿದಿ ನಿಂತರೆ ಬೆಂಕಿ ಆರುತ್ತದೆ. ಇಲ್ಲಿ ತಿದಿ ನಿಂತರೆ ಕಟ್ಟಡವೇ ಮಲಗುತ್ತದೆ.

ಹಿಮದ ಗಡಿಯಲ್ಲಿ

1949ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬ್ ಪರೀಕ್ಷೆ ನಡೆಸಿತು. ಅಮೆರಿಕದ ಅಂಜಿಕೆ ಆತುರವಾಗಿ ಬದಲಾಯಿತು. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲೂ ಕೆನಡಾದ ‘ಪೈನ್‌ಟ್ರೀ’ ರಾಡಾರ್ ಸಾಲಿನಲ್ಲೂ ಗಾಳಿಗುಮ್ಮಟಗಳು ತಲೆಯೆತ್ತಿದವು. ಮಡಚಿ ಪೆಟ್ಟಿಗೆಯಲ್ಲಿಟ್ಟು ಸಾಗಿಸಬಹುದು, ಬುಡ ಬಿಗಿದು ಗಾಳಿ ಊದಿದರೆ ಮನೆ ಸಿದ್ಧ. ರಸ್ತೆಯೂ ಇಲ್ಲದ ದುರ್ಗಮ ಜಾಗಗಳಿಗೆ ಇದಕ್ಕಿಂತ ಅನುಕೂಲವಾದ ಕಟ್ಟಡ ಬೇರೊಂದಿರಲಿಲ್ಲ.

ಆದರೆ ಅನುಕೂಲದ ಬೆನ್ನಿಗೇ ಅದರ ದೌರ್ಬಲ್ಯವೂ ಬಯಲಾಯಿತು. ಬಿರುಗಾಳಿಯ ರಾತ್ರಿಗಳಲ್ಲಿ ಬಟ್ಟೆ ಕುಸಿದು, ಆಂಟೆನಾಕ್ಕೆ ಸಿಕ್ಕಿ ಹರಿದ ಪ್ರಸಂಗಗಳು ನಡೆದವು. ರಾಡಾರಿನ ಮುಂದೆ ಕುಳಿತು ಆಕಾಶ ಕಾಯುವ ಸೈನಿಕರು ತಮ್ಮ ತಲೆಯ ಮೇಲಿನ ಸೂರನ್ನೂ ಕಾಯಬೇಕಾಗಿ ಬಂತು. ಎಷ್ಟೋ ಹರದಾರಿ ಯಾರೂ ಇಲ್ಲದ ಧ್ರುವಪ್ರದೇಶದಲ್ಲಿ ಬ್ಲೋವರೊಂದರ ಮೇಲೆ ದೇಶದ ರಕ್ಷಣೆಯನ್ನು ನಿಲ್ಲಿಸುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು.

ಅಲಾಸ್ಕದಿಂದ ಕೆನಡಾದ ಬಾಫಿನ್ ದ್ವೀಪದವರೆಗೆ ಸುಮಾರು 5,000 ಕಿ.ಮೀ. ಉದ್ದಕ್ಕೆ ಹಬ್ಬಿದ ‘ಡ್ಯೂ ಲೈನ್’ ಎಂಬ ರಾಡಾರ್ ಸಾಲು 1957ರಲ್ಲಿ ಪೂರ್ಣಗೊಂಡಿತು. ಅದಕ್ಕೆ ಬಟ್ಟೆಯ ಬದಲು ಗಟ್ಟಿ ಗುಮ್ಮಟ ಬಂತು. ಬಕ್‌ಮಿನ್‌ಸ್ಟರ್ ಫುಲ್ಲರ್ ರೂಪಿಸಿದ ಬಹುಕೋನದ ತುಂಡುಗಳ ಗುಮ್ಮಟ ಅದು. ಗಾಜಿನ ನಾರಿನ ಹಲಗೆಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟುವ ಅದಕ್ಕೆ ಬ್ಲೋವರ್ ಬೇಡ. ಜೋಡಣೆಯ ಅಂಚುಗಳು ತರಂಗವನ್ನು ಕೊಂಚ ಕದಡುತ್ತವೆ ನಿಜ, ಆದರೆ ವಿದ್ಯುತ್ ಹೋದರೂ ಗುಮ್ಮಟ ನಿಂತೇ ಇರುತ್ತದೆ. ಇಂದು ಜಗತ್ತಿನ ಬಹುಪಾಲು ಹವಾಮಾನ ರಾಡಾರುಗಳ ಮೇಲಿರುವುದು ಈ ಗಟ್ಟಿ ವಂಶದ ಹೊದಿಕೆಗಳೇ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ನಮ್ಮ ಡಾಪ್ಲರ್ ಹವಾಮಾನ ರಾಡಾರಿಗೆಂದು ರೂಪಿಸಿದ್ದೂ ಇಂಥ ಗಟ್ಟಿ ಗುಮ್ಮಟವನ್ನೇ.

ಕ್ಷೀಣ ದನಿಗೆ ದೊಡ್ಡ ಸೂರು

ಅಲ್ಲಿಗೆ ಬಟ್ಟೆಯ ಗುಮ್ಮಟದ ಕಾಲ ಮುಗಿಯಿತು ಎನ್ನುವಷ್ಟರಲ್ಲಿ ಉಪಗ್ರಹಗಳ ಯುಗ ಬಂತು. ಟೆಲ್‌ಸ್ಟಾರ್ ಎಂಬುದು 88 ಸೆಂಟಿಮೀಟರ್ ಅಡ್ಡಳತೆಯ, 77 ಕೆ.ಜಿ. ತೂಕದ ಒಂದು ಪುಟ್ಟ ಗೋಳ. ಅದರ ಪ್ರೇಷಕದ ಶಕ್ತಿ ಎರಡು ವ್ಯಾಟಿಗಿಂತ ಸ್ವಲ್ಪ ಹೆಚ್ಚು. ಟಾರ್ಚಿನ ಬಲ್ಬಿನಷ್ಟು ಎನ್ನಬಹುದು. ಸಾವಿರಾರು ಕಿಲೋಮೀಟರ್ ದೂರದಿಂದ ಬರುವ ಆ ದನಿಯನ್ನು ಹಿಡಿಯಲು ಆಂಡೋವರ್‌ನಲ್ಲಿ ಕಹಳೆಯ ಆಕಾರದ ದೈತ್ಯ ಆಂಟೆನಾ ನಿರ್ಮಾಣವಾಯಿತು. ಉದ್ದ 54 ಮೀಟರ್, ತೂಕ 380 ಟನ್. ಅದರ ಜೋಡಿ, 340 ಟನ್ ತೂಕದ್ದು, ಪ್ಲೂಮರ್ ಬೊಡೂದಲ್ಲಿ.

ಟೆಲ್‌ಸ್ಟಾರ್ ಆಕಾಶದಲ್ಲಿ ಒಂದೆಡೆ ನಿಲ್ಲುವ ಉಪಗ್ರಹವಾಗಿರಲಿಲ್ಲ. ಎರಡೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತ, ಎರಡೂ ದಡಗಳಿಗೆ ಒಟ್ಟಿಗೆ ಕಾಣಿಸುತ್ತಿದ್ದದ್ದು ಇಪ್ಪತ್ತು ನಿಮಿಷದ ಆಸುಪಾಸು. ಅಷ್ಟು ಹೊತ್ತೂ ಆ ನೂರಾರು ಟನ್ನಿನ ಕಹಳೆ ಉಪಗ್ರಹದತ್ತಲೇ ಗುರಿಯಿಟ್ಟು ನಯವಾಗಿ ತಿರುಗುತ್ತಿರಬೇಕು. ಒಂದು ಡಿಗ್ರಿಯ ಸಣ್ಣ ಪಾಲಿನಷ್ಟು ಗುರಿ ತಪ್ಪಿದರೂ ಚಿತ್ರ ಮಾಯ. ಬಯಲಲ್ಲಿ ಗಾಳಿಗೆ ಒಡ್ಡಿಕೊಂಡು ಇದನ್ನು ಸಾಧಿಸುವುದು ಕಷ್ಟ. ಅದಕ್ಕೇ ಬೆಲ್ ಪ್ರಯೋಗಾಲಯದ ಎಂಜಿನಿಯರುಗಳು ಮತ್ತೆ ಗಾಳಿಗುಮ್ಮಟದ ಮೊರೆಹೊಕ್ಕರು. ಡೇಕ್ರಾನ್ ಎಂಬ ಪಾಲಿಯೆಸ್ಟರ್ ನಾರಿನ ಬಟ್ಟೆಗೆ ಕೃತಕ ರಬ್ಬರ್ ಲೇಪಿಸಿ ಮಾಡಿದ ಆ ಹೊದಿಕೆಗಳು ಒಂದೊಂದೂ 30 ಟನ್ ಆಸುಪಾಸಿನವು. ಬಟ್ಟೆಯ ದಪ್ಪ ಮಾತ್ರ ಸುಮಾರು ಎರಡು ಮಿಲಿಮೀಟರ್.

ಇಲ್ಲಿ ಒಂದು ವಿಪರ್ಯಾಸವೂ ಇದೆ. ಉಪಗ್ರಹದ ದನಿ ಎಷ್ಟು ಕ್ಷೀಣವೆಂದರೆ, ಗ್ರಾಹಕ ಯಂತ್ರದ ಸ್ವಂತ ಗದ್ದಲವೇ ಅದನ್ನು ನುಂಗಿಬಿಡಬಹುದಿತ್ತು. ಆ ಗದ್ದಲ ಅಡಗಿಸಲು ಯಂತ್ರದ ಮುಖ್ಯ ಭಾಗವನ್ನು ದ್ರವ ಹೀಲಿಯಮ್‌ನಲ್ಲಿ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಂಪಾಗಿಡಲಾಗಿತ್ತು. ಇಷ್ಟೆಲ್ಲ ಮಾಡಿದ ಮೇಲೆ ಮಳೆ ಬಂದರೆ? ಗುಮ್ಮಟದ ಮೇಲೆ ಹರಡಿಕೊಂಡ ನೀರಿನ ತೆಳು ಪದರ ತರಂಗವನ್ನು ಹೀರುತ್ತಿತ್ತು, ಸಾಲದೆಂಬಂತೆ ತನ್ನದೇ ಗದ್ದಲವನ್ನೂ ಸೇರಿಸುತ್ತಿತ್ತು. ಬಟ್ಟೆ ಪಾರದರ್ಶಕವಾಗಿಯೇ ಇತ್ತು, ಅದು ತಡೆಹಿಡಿದ ಮಳೆ ಹಾಗಿರಲಿಲ್ಲ!

ಇಂಗ್ಲೆಂಡ್ ಬೇರೆ ದಾರಿ ಹಿಡಿದಿತ್ತು. ಕಾರ್ನ್‌ವಾಲ್ ಪ್ರದೇಶದ ಗೂನ್‌ಹಿಲ್ಲಿಯಲ್ಲಿ 26 ಮೀಟರ್ ಅಗಲದ ತೆರೆದ ತಟ್ಟೆ ಆಂಟೆನಾವನ್ನು, ಗಾಳಿಗೆ ಜಗ್ಗದಂತೆ 1,100 ಟನ್ ತೂಕಕ್ಕೆ ಕಟ್ಟಿ ನಿಲ್ಲಿಸಿತ್ತು. ಅಲೆಗಳ ತಿರುಗು ದಿಕ್ಕಿನ ವಿಷಯದಲ್ಲಿ ಆದ ಗೊಂದಲದಿಂದ ಬಿಡಿಭಾಗವೊಂದು ತಿರುವುಮುರುವಾಗಿ ಕುಳಿತು, ಮೊದಲ ರಾತ್ರಿ ಅಲ್ಲಿ ಚಿತ್ರ ಸರಿಯಾಗಿ ಮೂಡಲಿಲ್ಲ. ಮೊದಲು ಕಂಡ ಹೆಮ್ಮೆ ಫ್ರಾನ್ಸಿನ ಪಾಲಾಯಿತು. ಆದರೆ ಕಾಲ ಗೂನ್‌ಹಿಲ್ಲಿಯ ಕಡೆಗಿತ್ತು. 1965ರ ಏಪ್ರಿಲಿನಲ್ಲಿ ‘ಅರ್ಲಿ ಬರ್ಡ್’ ಉಪಗ್ರಹ ಮೇಲೇರಿತು. ಭೂಮಿಯ ಜೊತೆಜೊತೆಗೇ ತಿರುಗುತ್ತ ಅದು ಆಕಾಶದಲ್ಲಿ ಒಂದೆಡೆ ನಿಂತಂತೆ ಕಾಣುತ್ತಿತ್ತು. ಇನ್ನು ಉಪಗ್ರಹವನ್ನು ಅಟ್ಟಿಸಿಕೊಂಡು ಹೋಗುವ ಕೆಲಸವಿಲ್ಲ. ತೆರೆದ ತಟ್ಟೆಯೇ ಸಾಕು, ಮಳೆಯ ಕಾಟವೂ ಕಡಿಮೆ. 1971ರಲ್ಲಿ ಪುಣೆ ಬಳಿಯ ಆರ್ವಿಯಲ್ಲಿ ಭಾರತದ ವಿಕ್ರಮ್ ಭೂಕೇಂದ್ರ ಆರಂಭವಾದಾಗ ಅಲ್ಲಿ ನಿಂತದ್ದೂ ತೆರೆದ ತಟ್ಟೆಯೇ.

ಈಜುಕೊಳದಿಂದ ಕ್ರೀಡಾಂಗಣಕ್ಕೆ

ಈ ನಡುವೆ ವಾಲ್ಟರ್ ಬರ್ಡ್ ಪ್ರಯೋಗಾಲಯ ಬಿಟ್ಟು 1956ರಲ್ಲಿ ‘ಬರ್ಡ್‌ಏರ್’ ಎಂಬ ಸ್ವಂತ ಕಂಪನಿ ಆರಂಭಿಸಿದ್ದ. ತನ್ನ ಮನೆಯ ಈಜುಕೊಳಕ್ಕೆ ಆತ ಹೊದಿಸಿದ ಗಾಳಿಗುಮ್ಮಟದ ಚಿತ್ರ 1957ರಲ್ಲಿ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಯಿತು. ಸೇನೆಯ ಗುಟ್ಟಿನ ಬೆಟ್ಟಗಳಲ್ಲಿದ್ದ ವಿದ್ಯೆ ಜನಸಾಮಾನ್ಯರ ಕಣ್ಣಿಗೆ ಬಿದ್ದದ್ದು ಹೀಗೆ. ಮುಂದೆ 1970ರ ಒಸಾಕಾ ವಸ್ತುಪ್ರದರ್ಶನದ ಅಮೆರಿಕನ್ ಮಂಟಪಕ್ಕೆ, ಬಳಿಕ ಭಾರೀ ಕ್ರೀಡಾಂಗಣಗಳಿಗೆ ಗಾಳಿಯ ಚಾವಣಿ ಬಂತು. 1988ರಲ್ಲಿ ತೆರೆದ ಟೋಕಿಯೊ ಡೋಮ್ ಇದೇ ವಂಶದ್ದು. ಹಳೆಯ ದೌರ್ಬಲ್ಯವೂ ಜೊತೆಗೇ ಬಂತು. ಅಮೆರಿಕದ ಮಿನಿಯಾಪೊಲಿಸ್ ನಗರದ ಮೆಟ್ರೊಡೋಮ್ ಕ್ರೀಡಾಂಗಣದ ಚಾವಣಿ 2010ರ ಡಿಸೆಂಬರಿನಲ್ಲಿ ಹಿಮದ ಭಾರ ತಾಳದೆ ಹರಿದುಬಿತ್ತು.

ಗುಟ್ಟಿನ ಮುಸುಕು

ಗಾಳಿಗುಮ್ಮಟಕ್ಕೆ ಇನ್ನೊಂದು ಗುಣವಿದೆ. ಅದು ತರಂಗಕ್ಕೆ ಪಾರದರ್ಶಕ, ಕಣ್ಣಿಗೆ ಅಲ್ಲ. ಒಳಗಿನ ಆಂಟೆನಾ ಆಕಾಶದ ಯಾವ ದಿಕ್ಕಿಗೆ ತಿರುಗಿದೆ ಎಂಬುದು ತಿಳಿದರೆ, ಅದು ಯಾವ ಉಪಗ್ರಹಕ್ಕೆ ಕಿವಿಗೊಟ್ಟಿದೆ ಎಂಬುದನ್ನು ಊಹಿಸಬಹುದು. ಬೇಹುಗಾರಿಕೆ ಕೇಂದ್ರಗಳಿಗೆ ಬಿಳಿಯ ಗುಮ್ಮಟ ಪ್ರಿಯವಾದದ್ದು ಅದಕ್ಕೇ. ಮಳೆಯಿಂದ ಕಾಯಲು ಹುಟ್ಟಿದ ಹೊದಿಕೆ ನೋಟದಿಂದ ಮರೆಮಾಡುವ ಮುಸುಕೂ ಆಯಿತು.

ನ್ಯೂಜಿಲೆಂಡಿನ ವೈಹೊಪೈ ಕಣಿವೆಯಲ್ಲಿ ಸರ್ಕಾರದ ಇಂಥದೊಂದು ಕೇಂದ್ರವಿತ್ತು. ಅದು ಆರಂಭವಾದದ್ದು 1989ರಲ್ಲಿ. ಅಲ್ಲಿ ಸಂಗ್ರಹಿಸಿದ ಮಾಹಿತಿ ಅಮೆರಿಕದ ಯುದ್ಧಗಳಿಗೆ ನೆರವಾಗುತ್ತಿದೆ ಎಂಬುದು ಶಾಂತಿವಾದಿಗಳ ಆಕ್ಷೇಪವಾಗಿತ್ತು. 2008ರ ಏಪ್ರಿಲ್ 30ರಂದು ಬೆಳಕು ಹರಿಯುವ ಮುನ್ನ ಮೂವರು ಕ್ರೈಸ್ತ ಶಾಂತಿವಾದಿಗಳು ಬೇಲಿ ದಾಟಿ ಒಳಹೊಕ್ಕು, ಒಂದು ಗುಮ್ಮಟದ ಬಟ್ಟೆಯನ್ನು ಕುಡುಗೋಲಿನಿಂದ ಸೀಳಿದರು. ಮುಸುಕು ಜೋತುಬಿತ್ತು, ಒಳಗಿನ ಆಂಟೆನಾ ಜಗತ್ತಿನ ಕಣ್ಣಿಗೆ ಬಿತ್ತು. ಆ ಮೂವರು ಓಡಿಹೋಗಲಿಲ್ಲ. ಅಲ್ಲೇ ಪ್ರಾರ್ಥಿಸುತ್ತ ಬಂಧನಕ್ಕೆ ಕಾದರು. ಇರಾಕಿನಲ್ಲಿ ಸಾಯುತ್ತಿರುವವರ ಜೀವ ಉಳಿಸಲೆಂದೇ ಹೀಗೆ ಮಾಡಿದೆವೆಂದು ವಾದಿಸಿದ ಅವರನ್ನು 2010ರ ಮಾರ್ಚಿನಲ್ಲಿ ವೆಲಿಂಗ್ಟನ್ನಿನ ನ್ಯಾಯಾಲಯದ ಜ್ಯೂರಿ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಬಳಿಕ ಸರ್ಕಾರ 12 ಲಕ್ಷ ಡಾಲರ್ ನಷ್ಟ ಪರಿಹಾರ ಕೇಳಿ ದಾವೆ ಹೂಡಿತಾದರೂ 2014ರಲ್ಲಿ ಅದನ್ನು ಕೈಬಿಟ್ಟಿತು. ತಂತ್ರಜ್ಞಾನ ಹಳತಾದ ಕಾರಣ 2022ರಲ್ಲಿ ಆ ಗುಮ್ಮಟಗಳನ್ನೇ ತೆಗೆದುಹಾಕಲಾಯಿತು. ಕೋಟೆಯನ್ನು ಕೆಡವಲು ತೋಪು ಬೇಕು. ಬಟ್ಟೆಯ ಗೋಡೆಗೆ ಹುಲ್ಲು ಕೊಯ್ಯುವ ಕುಡುಗೋಲು ಸಾಕಾಯಿತು.

ಹಾಗೆಂದು ಸೇನೆಗಳು ಬಟ್ಟೆಯನ್ನು ತೊರೆದಿಲ್ಲ. ಶತ್ರು ಕ್ಷಿಪಣಿಗಳನ್ನು ಗುರುತಿಸಲೆಂದು ಅಮೆರಿಕ ಕಡಲಲ್ಲಿ ತೇಲುವ ವೇದಿಕೆಯ ಮೇಲೆ ಭಾರೀ ರಾಡಾರೊಂದನ್ನು ಸ್ಥಾಪಿಸಿದೆ. 2005ರಲ್ಲಿ ಅದರ ಮೇಲೆ ಎದ್ದ ಗುಮ್ಮಟ 31 ಮೀಟರಿಗೂ ಎತ್ತರ, 36 ಮೀಟರಿಗೂ ಅಗಲ. ಅದನ್ನು ಹೊತ್ತು ನಿಂತಿರುವುದು ಬರಿಯ ಗಾಳಿಯೇ. ಇನ್ನೊಂದು ತುದಿಯಲ್ಲಿ, ಪೆಟ್ಟಿಗೆಯಲ್ಲಿ ಮಡಚಿ ಒಯ್ಯಬಹುದಾದ ಗಾಳಿಗೋಳಗಳು ಬಂದಿವೆ. ಗೋಳದ ನಡುವೆ ಕಟ್ಟಿದ ಬಟ್ಟೆಯೇ ಅಲ್ಲಿ ಆಂಟೆನಾದ ತಟ್ಟೆ. ತಂತಿ, ಗೋಪುರಗಳೆಲ್ಲ ಉರುಳಿಬಿದ್ದ ವಿಪತ್ತಿನ ಜಾಗಗಳಲ್ಲಿ ಉಪಗ್ರಹ ಸಂಪರ್ಕ ಕಲ್ಪಿಸಲು ಇವು ಒದಗುತ್ತವೆ.

ಉಸಿರಾಡುವ ಸ್ಮಾರಕ

ಟೆಲ್‌ಸ್ಟಾರ್ ಕಾಲದ ಹಳೆಯ ಗುಮ್ಮಟಗಳ ಗತಿ ಏನಾಯಿತು? ಆಂಡೋವರ್‌ನ ಗುಮ್ಮಟ ಈಗಿಲ್ಲ, ಕಹಳೆಯನ್ನೂ ಕಳಚಿಹಾಕಲಾಯಿತು. ಜರ್ಮನಿಯ ಬವೇರಿಯ ಪ್ರಾಂತ್ಯದ ರೈಸ್ಟಿಂಗ್‌ನಲ್ಲಿ ಅರವತ್ತರ ದಶಕದ ಮೊದಲ ಭಾಗದಲ್ಲಿ ಎದ್ದ 49 ಮೀಟರಿನ ಗುಮ್ಮಟಕ್ಕೆ ಸ್ಮಾರಕದ ಮಾನ್ಯತೆ ದೊರೆಯಿತು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯ ಜರ್ಮನಿಯ ಮನೆಗಳಿಗೆ ತಲುಪಿದ್ದು ಈ ಕೇಂದ್ರದ ಮೂಲಕ. ಅದರ ಬಟ್ಟೆ 2020ರ ಫೆಬ್ರುವರಿಯಲ್ಲಿ ‘ಸಬೀನ್’ ಎಂಬ ಚಂಡಮಾರುತಕ್ಕೆ ಸಿಕ್ಕಿ ಚಿಂದಿಯಾಯಿತು. ಸ್ಮಾರಕವನ್ನು ಉಳಿಸಬೇಕಾದರೆ ಹೊಸ ಹೊದಿಕೆಯನ್ನೇ ಹೊಲಿಸಬೇಕಾಯಿತು.

ಪ್ಲೂಮರ್ ಬೊಡೂದ ಗುಮ್ಮಟ ಮಾತ್ರ ನಿಂತಿದೆ. ಅದರ ಪಕ್ಕದಲ್ಲಿ 1991ರಲ್ಲಿ ದೂರಸಂಪರ್ಕ ವಸ್ತುಸಂಗ್ರಹಾಲಯ ತೆರೆಯಿತು. 2000ದಲ್ಲಿ ಗುಮ್ಮಟ ಫ್ರಾನ್ಸಿನ ಐತಿಹಾಸಿಕ ಸ್ಮಾರಕಗಳ ಪಟ್ಟಿ ಸೇರಿತು. ಒಳಗೆ ಆ ರಾತ್ರಿಯ ಕಹಳೆ ಹಾಗೆಯೇ ಇದೆ, ಕೇಳಲು ದನಿಯಿಲ್ಲ. ಟೆಲ್‌ಸ್ಟಾರ್ 1963ರಲ್ಲೇ ಮೌನವಾಗಿತ್ತು.

ಕಲ್ಲಿನ ಸ್ಮಾರಕವನ್ನು ನೂರು ವರ್ಷ ಮರೆತುಬಿಟ್ಟರೂ ಅದು ಪಾಳುಬಿದ್ದಾದರೂ ನಿಂತಿರುತ್ತದೆ. ಹಂಪೆಯ ಕಂಬಗಳು ಯಾರ ಕಾವಲೂ ಇಲ್ಲದೆ ಶತಮಾನಗಳನ್ನು ಕಳೆದವು. ಗಾಳಿಯ ಸ್ಮಾರಕಕ್ಕೆ ಆ ಭಾಗ್ಯವಿಲ್ಲ. ಅದನ್ನು ಒಂದು ದಿನವೂ ಮರೆಯುವಂತಿಲ್ಲ. ಬ್ರಿಟನಿಯ ಆ ಬಯಲಿನಲ್ಲಿ ಬ್ಲೋವರುಗಳು ಇಂದಿಗೂ ಹಗಲಿರುಳು ಊದುತ್ತಿವೆ. ಯಾರೋ ಒಬ್ಬರು ಒತ್ತಡದ ಮುಳ್ಳನ್ನು ನೋಡುತ್ತಾರೆ, ಹೊರಗೆ ಗಾಳಿ ಎದ್ದರೆ ಒಳಗಿನ ಗಾಳಿಯನ್ನು ಏರಿಸುತ್ತಾರೆ. 1962ರಲ್ಲಿ ಅಲ್ಲಿದ್ದವರು ಮಾಡುತ್ತಿದ್ದದ್ದೂ ಇದೇ ಕೆಲಸವನ್ನು.